18 ದಾಟಿದ ವಿಕಲಚೇತನರು ಸಾಲಿ ಬಿಟ್ಟ ಬಗ್ಗೆ ಸಂಶೋಧನೆ: ಅವರನ್ನೇ ಮಾತಾಡಿಸೋದು ಹೆಂಗ್ರಿ?

ತಾಳಿಕೋಟಿ ಓದುಗಿ · ಸೋಮವಾರ, ರಾತ್ರಿ 9:40

ಎಲ್ಲಾರಿಗೂ ನಮಸ್ಕಾರ್ರಿ. ವಿಜಯಪುರದಾಗ ಎಂ.ಎಸ್.ಡಬ್ಲ್ಯು. ಮುಗಿಸಿ ಈಗ ಪಿಎಚ್.ಡಿ. ಎರಡನೇ ವರ್ಷ. ವಿಷಯ: 18ರಿಂದ 25 ವಯಸ್ಸಿನ ವಿಕಲಚೇತನರು ಸಾಲಿಯಿಂದ ಹೊರಗ ಬಂದದ್ದು ಹೆಂಗ, ಬಂದ ಮ್ಯಾಲ ಏನಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ ತಾಲೂಕು ಆರಿಸ್ಕೊಂಡೀನಿ. ಸಿನಾಪ್ಸಿಸ್‌ನಾಗ "ಮಾಹಿತಿದಾರರು: ಪಾಲಕರು" ಅಂತ ಐತಿ. ಹಂಗ ಬರೀರಿ ಅಂತ ಗೈಡ್ ಹೇಳಿದ್ರು, ನಾನೂ ಮರುಮಾತಾಡದ ಬರದೆ. ತಪ್ಪು ಅವರೊಬ್ಬರದ ಅಲ್ಲ.

ಹೋದ ವಾರ ಮೊದಲನೇ ಮನಿ. ಸಿಂದಗಿ ಕಡೆ ಒಂದು ಹಳ್ಳಿ. ಹುಡುಗಗ 21 ವರ್ಷ, ವಿಕಲಚೇತನರ ಕಾರ್ಡಿನಾಗ ಬೌದ್ಧಿಕ ವೈಕಲ್ಯ ಅಂತ ಐತಿ. ಅವರವ್ವನ ಜೋಡಿ ನಲವತ್ತು ನಿಮಿಷ ಮಾತಾಡಿದೆ. ಅಂವ ಅಲ್ಲೇ ಕಟ್ಟಿ ಮ್ಯಾಲ ಕೂತು ಹಗ್ಗ ಹೊಸೀತಿದ್ದ. ನಾ ಏಳೂ ಮುಂದ, ಪೂರ್ತಿ ಬಿಟ್ಟಂಗ ಆಗಬಾರದು ಅಂತ ಅವನ್ನೂ ಒಂದು ಮಾತು ಕೇಳಿದೆ: "ಸಾಲಿ ಯಾವಾಗ ಬಿಟ್ಟಿ ತಮ್ಮಾ?"

"ನಾಕೂವರಿಗೆ."

ಮನಿಯವರೆಲ್ಲಾ ನಕ್ರು. ನಾನೂ ನಕ್ಕೆ. ಫಾರ್ಮಿನಾಗ 99 ಅಂತ ಕೋಡ್ ಹಾಕಿದೆ. 99 ಅಂದ್ರ "ಉತ್ತರಿಸಲು ಆಗಲಿಲ್ಲ". ವಾಪಸ್ ಬರೂ ಬಸ್ಸಿನಾಗ, ದೇವರ ಹಿಪ್ಪರಗಿ ದಾಟಿದ ಮ್ಯಾಲ ತಲಿಗೆ ಹೊಳೀತು. ಸಾಲಿ ಬಿಡೂದು ನಾಕೂವರಿಗೇ ಅಲ್ಲೇನು? ಅಂವ ಸರಿಯಾದ ಉತ್ತರಾನ ಕೊಟ್ಟಿದ್ದ. 99 ಹಾಕಬೇಕಾಗಿದ್ದು ನನ್ನ ಪ್ರಶ್ನೆಗೆ.

ಈಗ ಪೂರಾ ಫಾರ್ಮ್ ಹರದು ಹೊಸದು ಮಾಡಬೇಕಂತ ಅನಿಸೇತಿ. ಅವರನ್ನೇ ಮಾತಾಡಿಸಬೇಕಂದ್ರ ಏನೇನು ಬೇಕು? ಅನುಭವ ಇದ್ದವರು ಹೇಳ್ರಿ, ಬೈದ್ರೂ ನಡೀತೈತಿ.

ಭೀಮಾತೀರದ ವಿ.ಆರ್.ಡಬ್ಲ್ಯು. · ಸೋಮವಾರ, ರಾತ್ರಿ 10:25

ಅಕ್ಕಾರ, ನಾ ಇಂಡಿ ತಾಲೂಕಿನಾಗ ಪಂಚಾಯ್ತಿ ಪುನರ್ವಸತಿ ಕಾರ್ಯಕರ್ತ. ನನಗೂ ಎಡಗಾಲು ಪೋಲಿಯೋ.

ನಿಮಗ ಯಾದಿ ಬೇಕಂದ್ರ ನಮ್ಮ ಹತ್ರ ಬರ್ತೀರಿ, ಬರ್ರಿ. ಆದ್ರ ನಮ್ಮ ಯಾದಿ ಅಂದ್ರ ಕಾರ್ಡ್ ಮಾಡಿಸಿದವರ ಯಾದಿ. ಮಾಡಿಸದೆ ಕೂತವರು, ಮಗಳ ಲಗ್ನಕ್ಕ ತೊಂದ್ರಿ ಆಗ್ತದಂತ ಹೆಸರೇ ಹೇಳದವರು, ಅವರು ಅದ್ರಾಗ ಸಿಗಂಗಿಲ್ಲ. ಹುಡುಗೂರು ಎಷ್ಟೋ ಹಂಗೇ ಮುಚ್ಚಿಹೋಗ್ಯಾರ.

ಎರಡನೇದು, ಬರೋ ಕಾಲ ನೋಡ್ರಿ. ದೀಪಾವಳಿ ಸುತ್ತಮುತ್ತ ಕಬ್ಬಿನ ಗ್ಯಾಂಗ್ ಎದ್ದು ಹೋಗ್ತಾವ. ಆಮ್ಯಾಲ ಬಂದ್ರ ಮನಿಗೆ ಕೀಲಿ. ಹುಡುಗ ಅಜ್ಜಿ ಹತ್ರ ಇರ್ತಾನ, ಇಲ್ಲಾ ಕಾರ್ಖಾನಿ ಹತ್ರ ಗುಡಿಸಲಾಗ ಇರ್ತಾನ. ಅವನ ಸಾಲಿ ತಪ್ಪಿದ್ದೂ ಅಲ್ಲೇ ಇರಬಹುದು, ವೈಕಲ್ಯಕ್ಕ ಸಂಬಂಧನೇ ಇರಂಗಿಲ್ಲ.

ಮೂರನೇದು ಖರೇ ಮಾತು. ಕಾಗದ ಹಿಡ್ಕೊಂಡು ಹೋದ್ರ ನೀವು ಸರ್ಕಾರದ ಪಗಾರ (ಮಾಸಾಶನ) ಕೊಡೋವ್ರು ಅಂತ ತಿಳೀತಾರ. ತಾಯಂದ್ರು ಹತ್ತು ವರ್ಷದಿಂದ ಡಾಕ್ಟರ ಮುಂದ, ಕಚೇರ್ಯಾಗ "ಇವಗ ಏನೂ ಬರಂಗಿಲ್ರಿ" ಅಂದೂ ಅಂದೂ ಬಾಯಿಪಾಠ ಆಗ್ಯಾದ. ಬರ್ತದ ಅಂದ್ರ ಕಾರ್ಡಿನಾಗ ವೈಕಲ್ಯದ ಪರ್ಸೆಂಟ್ ಕಡಿಮಿ ಆಗ್ತದ, 40ರ ಕೆಳಗ ಇಳದ್ರ ಎಲ್ಲಾ ಹೋತು. ಅದೇ ಮಾತು ನಿಮ್ಮ ಮುಂದನೂ ಬರ್ತದ. ಸುಳ್ಳು ಹೇಳಬೇಕಂತ ಅಲ್ಲ, ರೂಢಿ. ಅದೇ ಹುಡುಗ ಸಂಜಿಗೆ ಮೂವತ್ತು ಕುರಿ ಎಣಿಸಿ ಹಟ್ಟಿಗೆ ಹಾಕ್ತಾನ.

ಜಮಖಂಡಿ ಜವಾರಿ · ಮಂಗಳವಾರ, ಬೆಳಿಗ್ಗೆ 7:10

ನನಗ ಕಣ್ಣು ಕಾಣೂದಿಲ್ಲ. ವಯಸ್ಸು 24, ಬಿ.ಎ. ಆಗೇತಿ. ನಾ ಇಂಥ "ಸಂಶೋಧನೆ"ಗೆ ಇಲ್ಲೀತನಕ ನಾಕು ಸಲ ಮಾಹಿತಿ ಕೊಟ್ಟೀನಿ, ಅಂದ್ರ ನಾಕು ಸಲ ಬ್ಯಾರೇದವರು ನನ್ನ ಪರವಾಗಿ ಕೊಟ್ಟಾರ.

ಒಮ್ಮೆ ಒಬ್ರು ವಾಟ್ಸ್ಯಾಪ್‌ನಾಗ ಪ್ರಶ್ನೆಪಟ್ಟಿ ಕಳಿಸಿದ್ರು. ಪಿಡಿಎಫ್. ನನ್ನ ಫೋನು ಟಾಕ್‌ಬ್ಯಾಕ್‌ನಿಂದ ಓದಿ ಹೇಳತೈತಿ, ಕನ್ನಡ ಚಲೋ ಓದತೈತಿ. ಆದ್ರ ಅವರು ಟೈಪ್ ಮಾಡಿದ್ದು ಹಳೇ ಫಾಂಟಿನಾಗ, ಯುನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ, ಫೋನಿಗೆ ಇಂಗ್ಲಿಷ್ ಅಕ್ಷರದ ಗೊಜ್ಜು. ಮೊದಲನೇ ಸಾಲು ಕೇಳಿಸ್ಕೊಂಡೆ, ಕೋಳಿ ಕೆದರಿದಂಗ ಇತ್ತು. ವಾಪಸ್ ಹೇಳಿದ್ರ, "ಮನ್ಯಾಗ ಯಾರಾದ್ರೂ ಓದಿ ಹೇಳ್ತಾರಲ್ಲ" ಅಂದ್ರು. ಮನ್ಯಾಗ ಓದೂದು ನಮ್ಮ ಕಾಕಾ. ನನ್ನ ಸಾಲಿ ವಿಚಾರದಾಗ ಆ ಮನುಷ್ಯಾಂದೂ ಒಂದು ಪಾತ್ರ ಐತಿ. ಅಂವನ ಮುಂದ ನಾ ಏನು ಹೇಳಲಿ?

ಇನ್ನೊಮ್ಮೆ ಒಪ್ಪಿಗೆ ಪತ್ರಕ್ಕ ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ಸಹಿ ಮಾಡ್ತೀನ್ರಿ ಅಂದೆ. "ಇರ್ಲಿ ಬಿಡು, ಇದು ಸರಳ." ಬ್ಯಾಂಕಿನಾಗ ನಾ ಸಹಿ ಮಾಡ್ತೀನಿ.

ಅದಕ್ಕ ನಿಮಗ ನನ್ನ ಸಲಹೆ: ಒಪ್ಪಿಗೆ ಪತ್ರ ನಿಮ್ಮ ದನಿಯಾಗ ಓದಿ ಆಡಿಯೋ ಕಳಿಸ್ರಿ. ಒಂದು ರಾತ್ರಿ ನಮ್ಮ ಹತ್ರ ಇರ್ಲಿ. ನಾವು ಕೇಳಿ, ಮತ್ತ ಕೇಳಿ, ಬ್ಯಾಡ ಅನಿಸಿದ್ರ ಬ್ಯಾಡ ಅಂತ ಹೇಳಾಕ ಟೈಮ್ ಬೇಕು. ಎದುರಿಗೆ ಕೂತು ಪೆನ್ನು ಹಿಡದ್ರ ಯಾರು ಇಲ್ಲ ಅಂತಾರ?

ಒಂದು ಪ್ರಶ್ನೆನೂ ಸೇರಿಸ್ರಿ. ಎಸ್‌ಎಸ್‌ಎಲ್‌ಸಿಯಾಗ ನನಗ ಗಣಿತದ ಬದಲು ಸಮಾಜಶಾಸ್ತ್ರ ಕೊಟ್ರು. ಸವಲತ್ತು, ಒಳ್ಳೇದು. ಆದ್ರ ಗಣಿತ ಇಲ್ಲ ಅಂದ್ರ ಮುಂದ ಯಾವ್ಯಾವ ಬಾಗಿಲು ಮುಚ್ಚತಾವ ಅಂತ ಅವತ್ತು ಯಾರೂ ಹೇಳಲಿಲ್ಲ. ಸಾಲಿ ಒಮ್ಮೆಲೇ ಬಿಡೂದಿಲ್ರಿ, ಒಂದೊಂದೇ ವಿಷಯ ಬಿಡತೈತಿ.

ನಿವೃತ್ತ ಮಾಸ್ತರ, ಬೆಳಗಾವಿ · ಮಂಗಳವಾರ, ಮಧ್ಯಾಹ್ನ 12:30

ಸಂಶೋಧಕಿಗೆ ಮೊದಲು ಕಾನೂನು ಹೇಳಿಬಿಡುತ್ತೇನೆ, ಏಕೆಂದರೆ ಗೈಡುಗಳ ಹತ್ತಿರ ಕಾನೂನು ಬೇಗ ಕೆಲಸ ಮಾಡುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 6ನೇ ಕಲಮಿನ ಎರಡನೇ ಉಪಕಲಮು ತೆಗೆದು ನೋಡಿ. ವಿಕಲಚೇತನ ವ್ಯಕ್ತಿಯನ್ನು ಯಾವುದೇ ಸಂಶೋಧನೆಗೆ ಒಳಪಡಿಸಬೇಕಾದರೆ ಎರಡು ಬೇಕು. ಒಂದು, ಅವರಿಗೆ ತಿಳಿಯುವ ಮಾಧ್ಯಮದಲ್ಲಿ, ತಿಳಿಯುವ ರೂಪದಲ್ಲಿ ಹೇಳಿ ಪಡೆದ ಮುಕ್ತ ಒಪ್ಪಿಗೆ. ಅವರ ಒಪ್ಪಿಗೆ, ಅಪ್ಪ-ಅಮ್ಮನದಲ್ಲ. ಎರಡು, ಸರ್ಕಾರ ಅದಕ್ಕಾಗಿಯೇ ರಚಿಸುವ ಸಮಿತಿಯ ಪೂರ್ವಾನುಮತಿ. ಆ ಸಮಿತಿಯ ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಸ್ವತಃ ವಿಕಲಚೇತನರು ಅಥವಾ ಅವರ ನೋಂದಾಯಿತ ಸಂಘಗಳವರು ಇರಬೇಕು. ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಸೀಲು ಬಿತ್ತು ಎಂದ ಮಾತ್ರಕ್ಕೆ ಮುಗಿಯಲಿಲ್ಲ.

18 ತುಂಬಿದ ಮೇಲೆ ತಂದೆತಾಯಿ ತಾವಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು), ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿ ಪಾಲಕರನ್ನು ನೇಮಿಸಬಹುದು. 2016ರ ಕಾಯ್ದೆಯ 14ನೇ ಕಲಮು ಇನ್ನೂ ಮುಂದೆ ಹೋಗಿ "ಸೀಮಿತ ಪಾಲಕತ್ವ" ಎನ್ನುತ್ತದೆ: ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಇಬ್ಬರೂ ಕೂಡಿ ತೀರ್ಮಾನ. ಹಾಗಾಗಿ ಪಾಲಕರಿದ್ದರೂ ಹುಡುಗನನ್ನು ಕೇಳದೆ ಇರಲು ಅದು ನೆಪವಾಗಲಾರದು.

ಅಂಕಿ ಬೇಕಾದರೆ, 2018ರ ಜುಲೈಯಿಂದ ಡಿಸೆಂಬರ್‌ವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನಲ್ಲಿದೆ. ದೇಶದಲ್ಲಿ 15 ದಾಟಿದ ವಿಕಲಚೇತನರಲ್ಲಿ ಪ್ರೌಢಶಾಲೆ ಮತ್ತು ಅದಕ್ಕೂ ಮೇಲೆ ಓದಿದವರು ಶೇ. 19.3. ವೈಕಲ್ಯದ ಪ್ರಮಾಣಪತ್ರ ಇದ್ದವರು ಶೇ. 28.8 ಮಾತ್ರ. ಇಂಡಿಯ ತಮ್ಮ ಹೇಳಿದ "ಯಾದಿಯಲ್ಲಿ ಸಿಗದವರು" ಎಷ್ಟು ಎಂಬುದಕ್ಕೆ ಈ ಎರಡನೇ ಅಂಕಿ ಸಾಕು.

ಆದರೆ ಉತ್ಸಾಹದಲ್ಲಿ ಒಂದು ಗುಂಡಿಗೆ ಬೀಳಬೇಡಿ. ಬೌದ್ಧಿಕ ವೈಕಲ್ಯ ಇರುವವರಿಗೆ ಹೌದು-ಅಲ್ಲ ಪ್ರಶ್ನೆ ಹಾಕಿದರೆ "ಹೌದು" ಬರುವುದೇ ಹೆಚ್ಚು. ಅಮೆರಿಕದಲ್ಲಿ ಕ್ಯಾರಲ್ ಸಿಗೆಲ್‌ಮನ್ ಮತ್ತು ಸಂಗಡಿಗರು 1981ರಲ್ಲೇ ಇದನ್ನು ತೋರಿಸಿದರು; ಒಂದಕ್ಕೊಂದು ವಿರುದ್ಧವಾದ ಎರಡು ಪ್ರಶ್ನೆಗೂ ಅದೇ ಮನುಷ್ಯ ಹೌದು ಎನ್ನುತ್ತಾನೆ. "ಶಾಲೆ ಇಷ್ಟ ಇತ್ತೇ?" ಹೌದು. "ಶಾಲೆ ಬೇಜಾರಿತ್ತೇ?" ಹೌದು. ಇದು ಅವರ ದಡ್ಡತನವಲ್ಲ. ಜೀವಮಾನವಿಡೀ ದೊಡ್ಡವರಿಗೆ ಹೌದೆಂದು ಬದುಕಿದವರ ಜಾಣತನ. ಇದೋ ಅದೋ ಎಂದು ಎರಡು ಚಿತ್ರ ಮುಂದಿಟ್ಟು ಕೇಳಿ, ಮರುವಾರ ಚಿತ್ರಗಳ ಜಾಗ ಅದಲುಬದಲು ಮಾಡಿ ಮತ್ತೆ ಕೇಳಿ.

ಜಮಖಂಡಿ ಜವಾರಿ · ಮಂಗಳವಾರ, ಮಧ್ಯಾಹ್ನ 12:52

ಮಾಸ್ತರ, ಪಾಠ ಚಲೋ ಆತು. ಆದ್ರ ದೊಡ್ಡವರಿಗೆ ಹೌದು ಅಂತ ಬದುಕಿದವರ ಯಾದ್ಯಾಗ ಪಿಎಚ್.ಡಿ. ಹುಡುಗೂರನ್ನೂ ಹಾಕ್ರಿ.

ನಿವೃತ್ತ ಮಾಸ್ತರ, ಬೆಳಗಾವಿ · ಮಂಗಳವಾರ, ಮಧ್ಯಾಹ್ನ 1:05

ಒಪ್ಪಿದೆ. ನಾನೂ ಗೈಡ್ ಆಗಿದ್ದವನೇ.

ಕುಂದಾ ಪ್ರಿಯ · ಮಂಗಳವಾರ, ಸಂಜೆ 6:20

ಅಕ್ಕಾ, ಮೂರು ವರ್ಷದಾಗ ಮುಗಿಸೂದು ನೋಡ್ರಿ. ಪಾಲಕರ ಹತ್ರ 200 ಫಾರ್ಮ್ ತುಂಬಿಸಿ ಟೇಬಲ್ ಹಾಕಿ ಸಬ್ಮಿಟ್ ಮಾಡ್ರಿ. ಚಿತ್ರ, ಆಡಿಯೋ ಅಂತ ಕೂತ್ರ ಫೆಲೋಶಿಪ್ ಮುಗದು ಹೋಗತೈತಿ. ಹೆಂಗಿದ್ರೂ ಅದನ್ನ ಓದೋರು ಇಬ್ಬರು ಪರೀಕ್ಷಕರು.

ನವನಗರದ ಅವ್ವ · ಮಂಗಳವಾರ, ರಾತ್ರಿ 10:50

ಎಲ್ಲಾರೂ ತಾಯಂದ್ರನ್ನ ಒಂದು ಕೈ ನೋಡ್ಕೊಂಡ್ರಿ. ನಾನೂ ಒಂದು ಮಾತು ಹೇಳ್ತೀನ್ರಿ.

ಬಾಗಲಕೋಟಿ ನವನಗರ. ನನ್ನ ಮಗಳಿಗೆ 20. ಸಿ.ಪಿ., ಅಂದ್ರ ಸೆರೆಬ್ರಲ್ ಪಾಲ್ಸಿ. ನಡ್ಯಾಕ ಬರೂದಿಲ್ಲ, ಮಾತು ಹೊಸಬರಿಗೆ ತಿಳಿಯೂದಿಲ್ಲ, ನನಗ ತಿಳೀತೈತಿ. ಹತ್ತನೇತ್ತಾತನಕ ದಿನಾ ನಾನೂ ಅವರಪ್ಪನೂ ಎತ್ಕೊಂಡು ಹೋಗಿ ಬಿಟ್ಟೀವಿ. ಮಳೆಗಾಲದಾಗ ಅಕಿನ್ನ ಒಂದು ಕೈಯಾಗ, ಛತ್ರಿ ಒಂದು ಕೈಯಾಗ. ಮಧ್ಯಾಹ್ನ ಬಾತ್‌ರೂಮಿಗೆ ಒಯ್ಯಾಕ ನಾ ಮತ್ತ ಹೋಗ್ತಿದ್ದೆ. ಹತ್ತು ವರ್ಷ ಆ ಸಾಲಿಗೆ ಅಕಿಗಿಂತ ಹೆಚ್ಚು ಸಲ ಹೋದಾಕಿ ನಾನ. ಸಾಲಿ ಬಗ್ಗೆ ನನ್ನ ಕೇಳೂದು ತಪ್ಪು ಅಂದ್ರ ಯಾರನ್ನ ಕೇಳ್ತೀರಿ?

ಪಿಯುಸಿಗೆ ಅಕಿನ ಬ್ಯಾಡ ಅಂದ್ಲು. ನಾವು ಬಿಡಿಸಿಲ್ಲ. ಅದನ್ನ ಮೊದಲು ಬರ್ಕೋರಿ.

ಮತ್ತ, ನೀವು ಬಂದು ಒಂದು ತಾಸು ಕೂತು, ಹಳೇದೆಲ್ಲಾ ಕೆದಕಿ ಹೋಗ್ತೀರಿ. ರಾತ್ರಿ ಅಕಿ ಅತ್ರ ಸಮಾಧಾನ ಮಾಡೂದು ನೀವಲ್ಲ.

ತಾಳಿಕೋಟಿ ಓದುಗಿ · ಮಂಗಳವಾರ, ರಾತ್ರಿ 11:30

ಅಕ್ಕಾರ, ನಿಮ್ಮ ಮಾತು ನೆಟ್ಟಗ ಎದಿಗೆ ಬಂತು. ನಿಮ್ಮನ್ನ ಬಿಟ್ಟು ಅಕಿನ್ನ ಕೇಳ್ತೀನಿ ಅಂತ ಅಲ್ರಿ. ನಿಮ್ಮದು ಒಂದು ಕಥಿ, ಅಕಿದು ಒಂದು ಕಥಿ, ಎರಡನ್ನೂ ಬ್ಯಾರೆ ಬ್ಯಾರೆ ಬರೀತೀನಿ. ಒಂದರ ಬದಲಿಗೆ ಇನ್ನೊಂದನ್ನ ಇಡಬಾರದು ಅಷ್ಟ. ಕಡೀ ಮಾತಿಗೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ. ಅದರ ಬಗ್ಗೆ ನಾ ಯೋಚನಿನ ಮಾಡಿರಲಿಲ್ಲ.

ಕೈಮಾತು · ಬುಧವಾರ, ಬೆಳಿಗ್ಗೆ 11:15

ನಾನು ಗೋಕಾಕ ತಾಲೂಕು. ಕಿವುಡಿ. ವಯಸ್ಸು 22. ಬರೆಯುವ ಕನ್ನಡ ನನಗೆ ಎರಡನೇ ಭಾಷೆ, ಸಣ್ಣ ವಾಕ್ಯ ಬರೆಯುತ್ತೇನೆ.

ನಮ್ಮ ಮನೆಗೂ ಒಬ್ಬ ಮೇಡಂ ಬಂದಿದ್ದರು. ನನ್ನ ಅಣ್ಣ ಮಧ್ಯೆ ಕೂತ. ನಾನು ತುಂಬಾ ಹೊತ್ತು ಕೈಮಾತಿನಲ್ಲಿ ಹೇಳಿದೆ: ಹಾಸ್ಟೆಲಿನಲ್ಲಿ ಗೆಳತಿಯರು ಇದ್ದರು, ಎಲ್ಲರೂ ಕೈಮಾತು, ರಾತ್ರಿ ಲೈಟು ಆರಿಸಿದರೆ ಮಾತು ನಿಲ್ಲುತ್ತದೆ, ಅದಕ್ಕೆ ನಾವು ಕಿಟಕಿ ಹತ್ತಿರ ಬೆಳದಿಂಗಳಲ್ಲಿ ಕೂರುತ್ತಿದ್ದೆವು. ಹತ್ತನೇ ಮುಗಿದು ಊರಿಗೆ ಬಂದೆ. ಊರಿನಲ್ಲಿ ಕೈಮಾತು ಯಾರಿಗೂ ಬರುವುದಿಲ್ಲ. ಕಾಲೇಜಿನಲ್ಲಿ ಲೆಕ್ಚರರ್ ಬೋರ್ಡಿನ ಕಡೆ ತಿರುಗಿ ಮಾತಾಡುತ್ತಾರೆ. ಎರಡು ತಿಂಗಳು ಹೋದೆ, ಬಿಟ್ಟೆ. ಇಷ್ಟು ಹೇಳಿದೆ. ಅಣ್ಣನ ಬಾಯಿ ಸ್ವಲ್ಪ ಮಾತ್ರ ಅಲ್ಲಾಡಿತು. ಮೇಡಂ ಬರೆದರು. ನಾನು ಕಾಗದ ಇಣುಕಿ ಓದಿದೆ: "ಆಸಕ್ತಿ ಇಲ್ಲ."

ನಿಮಗೆ ಹೇಳುವುದು:
ಮನೆಯವರನ್ನು ದುಭಾಷಿ ಮಾಡಬೇಡಿ. ಹೊರಗಿನವರು ಬೇಕು. ಅವರಿಗೆ ದುಡ್ಡು ಕೊಡಬೇಕು.
ಎಲ್ಲ ಕಿವುಡರಿಗೂ ಒಂದೇ ಕೈಮಾತು ಇಲ್ಲ. ದೆಹಲಿಯಲ್ಲಿ 2015ರಿಂದ ಭಾರತೀಯ ಸಂಜ್ಞಾ ಭಾಷೆಯ ಕೇಂದ್ರ ಇದೆ, 10,000 ಶಬ್ದದ ನಿಘಂಟು ಮಾಡಿದ್ದಾರೆ. ಆದರೆ ಶಾಲೆಗೇ ಹೋಗದ ಕಿವುಡ ಹುಡುಗನಿಗೆ ಅದು ಗೊತ್ತಿಲ್ಲ. ಅವನದು ಮನೆ ಸನ್ನೆ. ನಾನು ಸಣ್ಣವಳಿದ್ದಾಗ ಶಾಲೆಗೆ ನನ್ನ ಸನ್ನೆ "ಬೆತ್ತ". ಅಂಥವರ ಹತ್ತಿರ ಹೋಗುವಾಗ ಒಬ್ಬ ಕಿವುಡರನ್ನೇ ಕರೆದುಕೊಂಡು ಹೋಗಿ. ನಾವು ನಾವು ಬೇಗ ದಾರಿ ಹುಡುಕುತ್ತೇವೆ.
ನಮ್ಮ ಉತ್ತರ ವಿಡಿಯೋದಲ್ಲೇ ಹಿಡಿಯಬೇಕು. ಆದರೆ ವಿಡಿಯೋದಲ್ಲಿ ಮುಖ ಇದೆ. ಮುಖ ಮಸುಕು ಮಾಡಿದರೆ ಮಾತೂ ಮಸುಕು, ಏಕೆಂದರೆ ನಮ್ಮ ಅರ್ಧ ಮಾತು ಮುಖದಲ್ಲಿ. ಹೆಸರು ಬದಲಿಸಿದೆವು, ಗುಟ್ಟು ಉಳಿಯಿತು ಎಂದು ನೀವು ಬರೆಯಬಹುದು. ನಮಗೆ ಅದು ಆಗುವುದಿಲ್ಲ. ವಿಡಿಯೋ ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೀರಿ, ಮೊದಲೇ ಹೇಳಿ.

ಇಳಕಲ್ಲ ಮೊಬೈಲ್ · ಬುಧವಾರ, ರಾತ್ರಿ 8:45

ಅಂಗಡಿ ಮುಚ್ಚಿ ಈಗ ಓದಿದೆ. ನನ್ನವು ಎರಡೂ ಕಾಲು ಸ್ವಾಧೀನ ಇಲ್ಲ, ಮೂರು ಗಾಲಿ ಗಾಡಿ. ಮೊಬೈಲ್ ರಿಪೇರಿ ಮಾಡ್ತೀನಿ.

ಮೇಡಂ, ನಿಮ್ಮ ಹೆಡ್ಡಿಂಗಿನಾಗನ ಒಂದು ಗಂಟು ಐತಿ. "ಸಾಲಿ ಬಿಟ್ಟ" ಅಂತ ಬರದೀರಿ. ಕನ್ನಡದಾಗ ಬಿಡೂದು ಒಂದ ನಮೂನಿ ಇಲ್ರಿ. ನಾ ಬಿಟ್ಟೆ. ನನ್ನ ಬಿಡಿಸಿದ್ರು. ನನಗ ಬಿಟ್ಟುಹೋತು. ಸಾಲಿನ ನನ್ನ ಬಿಟ್ತು. ಸರ್ಕಾರದ ಫಾರ್ಮಿನಾಗ ಇವೆಲ್ಲಕ್ಕೂ ಒಂದ ಡಬ್ಬಿ: "ಶಾಲೆ ಬಿಟ್ಟ ಮಗು". ಮಗು ಏನೋ ಮನಸ್ಸು ಮಾಡಿ ಬಿಟ್ಟಂಗ.

ನಂದು ಹೇಳ್ತೀನಿ. ಒಂಬತ್ತನೇತ್ತಾ ಮುಗೀತು. ಹತ್ತನೇತ್ತಾದ ಕ್ಲಾಸು ಮ್ಯಾಲಿನ ಮಾಳಿಗಿಗೆ ಹೋತು. ಹೊಸಾ ಕಟ್ಟಡ, ಎಲ್ಲಾರಿಗೂ ಖುಷಿ. ಹದಿನೆಂಟು ಮೆಟ್ಟಲು. ನಾ ಎಣಿಸೀನಿ, ಯಾಕಂದ್ರ ಕೈಮ್ಯಾಲ ಹತ್ತಿದಾವ ನಾನ. ಒಂದೂವರಿ ತಿಂಗಳು ಹತ್ತಿದೆ. ಚೊಣ್ಣ ಹರೀತಿತ್ತು, ಹುಡುಗೀರು ಹಿಂದ ಬರ್ತಿದ್ರು. ಒಂದಿನ ಹೋಗಲಿಲ್ಲ. ಯಾರೂ ಬಾ ಅನಲಿಲ್ಲ, ಯಾರೂ ಬ್ಯಾಡನೂ ಅನಲಿಲ್ಲ. ಈಗ ಹೇಳ್ರಿ, ಇದು ಬಿಟ್ಟಿದ್ದೋ ಬಿಡಿಸಿದ್ದೋ?

"ಯಾಕ ಬಿಟ್ಟಿ" ಅಂತ ಕೇಳಬ್ಯಾಡ್ರಿ. ಯಾಕ ಅಂದ ಕೂಡಲೇ ಮಾಸ್ತರ್ ಮುಂದ ನಿಂತಂಗ ಆಗತೈತಿ, ತಪ್ಪು ನಮ್ಮದ ಅನಿಸಿ ಏನಾರ ಒಂದು ಕಾರಣ ಕೊಡ್ತೀವಿ. "ಸಾಲಿಗೆ ಹೋದ ಕಡೀ ದಿನ ಹೇಳು" ಅನ್ರಿ. ಅವತ್ತು ಏನು ಉಂಡಿ, ಯಾರ ಜೋಡಿ ಕೂತಿದ್ದಿ, ಮನಿಗೆ ಹೆಂಗ ಬಂದಿ. ಕಾರಣ ತಾನ ಹೊರಗ ಬರತೈತಿ.

ಇನ್ನೊಂದು, ದುಡ್ಡಿನ ಮಾತು. ಒಂದು ತಾಸು ಅಂಗಡಿ ಮುಚ್ಚಿದ್ರ ನನಗ ಇನ್ನೂರು ರೂಪಾಯಿ ಲುಕ್ಸಾನ. ಬಿಸ್ಕಿಟ್ ಪುಡಿಕಿ ಕೊಟ್ಟು ಫೋಟೋ ತಕ್ಕೊಂಡು ಹೋಗಬ್ಯಾಡ್ರಿ. ನಮ್ಮಂಥವರಿಬ್ಬರನ್ನ ಪ್ರಶ್ನೆ ಮಾಡೂ ಕೆಲಸಕ್ಕೇ ಹಚ್ಚಿ ಪಗಾರ ಕೊಡ್ರಿ.

ನಿವೃತ್ತ ಮಾಸ್ತರ, ಬೆಳಗಾವಿ · ಗುರುವಾರ, ಬೆಳಿಗ್ಗೆ 9:00

ಇಳಕಲ್ಲಿನವರ ಪ್ರಶ್ನೆಗೆ ನನ್ನ ಮೂವತ್ತು ವರ್ಷದ ವಿಧಾನಶಾಸ್ತ್ರದ ಪಾಠದಲ್ಲಿ ಉತ್ತರ ಇಲ್ಲ. ಬಿಡಿಸಿದ್ದು ಎಂದೇ ನನಗನಿಸುತ್ತದೆ, ಆದರೆ ಬಿಡಿಸಿದವರ ಹೆಸರು ಬರೆಯುವ ಜಾಗ ಯಾವ ಫಾರ್ಮಿನಲ್ಲೂ ಇರುವುದಿಲ್ಲ.

ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ, ಮಾದರಿಯಾಗಿ ಅಲ್ಲ, ಎಚ್ಚರಿಕೆಯಾಗಿ. ಅಮೆರಿಕದಲ್ಲಿ 2000ರಲ್ಲಿ 13ರಿಂದ 16 ವಯಸ್ಸಿನ ಹನ್ನೊಂದು ಸಾವಿರಕ್ಕೂ ಹೆಚ್ಚು ವಿಶೇಷ ಶಿಕ್ಷಣದ ಮಕ್ಕಳನ್ನು ಆರಿಸಿ, ಅವರು ಶಾಲೆ ಮುಗಿಸಿ ಹೊರಬರುವ ತನಕ, ಬಂದ ಮೇಲೂ, ಸುಮಾರು ಹತ್ತು ವರ್ಷ ಹಿಂಬಾಲಿಸಿದರು. ಹುಡುಗರಿಗೂ ಪ್ರತ್ಯೇಕ ಫೋನ್ ಸಂದರ್ಶನ ಇತ್ತು. ದೊಡ್ಡ ಕೆಲಸ. ಆದರೆ ಮೊದಲು ಪಾಲಕರಿಗೆ ಫೋನ್ ಮಾಡಿ "ನಿಮ್ಮ ಮಗ ತಾನೇ ಉತ್ತರಿಸಬಲ್ಲನೇ" ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಹುಡುಗನ ಸರದಿ ಅಲ್ಲಿಗೇ ಮುಗಿಯಿತು. ಬೀಗದ ಕೈ ಅಲ್ಲೂ ಹೊಸ್ತಿಲಲ್ಲೇ ಇತ್ತು. ನೀವು ಆ ಪ್ರಶ್ನೆಯನ್ನು ಪಾಲಕರಿಗೆ ಹಾಕದೆ, ಹುಡುಗನ ಜೊತೆ ಎರಡು ಸಲ ಕೂತು ನೀವೇ ನೋಡಿ.

ಅಲ್ಲಿ ಶಾಲೆ ಬಿಡುವ ಮೊದಲೇ ಮುಂದಿನದಕ್ಕೆ ಯೋಜನೆ ಬರೆಯಬೇಕೆಂಬ ಕಾನೂನಿದೆ, 16ರ ಹೊತ್ತಿಗೆ. ಇಂಗ್ಲೆಂಡಿನಲ್ಲಿ 2014ರ ಕಾನೂನು ಅಂಥ ಯೋಜನೆಯನ್ನು 25ರ ತನಕವೂ ಮುಂದುವರಿಸಲು ಬಿಡುತ್ತದೆ. ನಮ್ಮ ಕಾಯ್ದೆ 6ರಿಂದ 18ರವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ ಇಟ್ಟಿದೆ. ಆ ದಡಕ್ಕೂ ಈ ದಡಕ್ಕೂ ನಡುವೆ ಹರಿಗೋಲು ಯಾರದು ಎಂದು ಹೇಳಿಲ್ಲ. ನಿಮ್ಮ ಪಿಎಚ್.ಡಿ. ಇರುವುದು ಆ ನೀರಿನಲ್ಲಿ.

ಭೀಮಾತೀರದ ವಿ.ಆರ್.ಡಬ್ಲ್ಯು. · ಗುರುವಾರ, ಬೆಳಿಗ್ಗೆ 9:35

ಹರಿಗೋಲು ನಮ್ಮ ತಲೀ ಮ್ಯಾಲೇ ಅದರೀ ಮಾಸ್ತರ. ಹುಟ್ಟು ಕೊಟ್ಟಿಲ್ಲ.

ತಾಳಿಕೋಟಿ ಓದುಗಿ · ನಾಲ್ಕು ವಾರದ ಮ್ಯಾಲ, ಶುಕ್ರವಾರ, ರಾತ್ರಿ 10:10

ಇಷ್ಟು ದಿನ ಸುಮ್ನಿದ್ದದ್ದಕ್ಕ ಬೇಜಾರಾಗಬ್ಯಾಡ್ರಿ. ಏನೇನಾತು ಹೇಳ್ತೀನಿ.

ಗೈಡ್ ಹತ್ರ 6ನೇ ಕಲಮಿನ ಪ್ರತಿ ಒಯ್ದೆ. ಎರಡು ಸಲ ಓದಿದ್ರು. "ಇದು ನನಗ ಗೊತ್ತಿರಲಿಲ್ಲ" ಅಂತ ಬಾಯಿಬಿಟ್ಟು ಅಂದ್ರು, ಅದನ್ನ ನಾ ನಿರೀಕ್ಷೆನ ಮಾಡಿರಲಿಲ್ಲ. 200 ಮಂದಿ ಬಿಟ್ಟು 24 ಮಂದಿಗೆ ಬಂದೀವಿ. ಸಮಿತಿಗೆ ಅರ್ಜಿ ಹೋಗೇತಿ. ಅದು ಬರೂತನಕ ಫಾರ್ಮಿಗೆ ಮಾಹಿತಿ ತಗೊಳಂಗಿಲ್ಲ, ಪ್ರಶ್ನೆ ತಿದ್ದೂದು ಅಷ್ಟ. ಅದಕ್ಕ ಇಬ್ಬರು ಸಿಕ್ಕಾರ, ಇಬ್ಬರೂ ವಿಕಲಚೇತನರ, ದಿನಕ್ಕ ಕೂಲಿ ಕೊಡ್ತೀನಿ. ಫೆಲೋಶಿಪ್ಪಿನ ಜೆರಾಕ್ಸ್ ಲೆಕ್ಕದಾಗ ಹೆಂಗ ತೋರಿಸೂದು ಅನ್ನೋದು ಬ್ಯಾರೇ ತಲಿನೋವು.

ನಾಕೂವರಿ ಹುಡುಗನ ಮನಿಗೆ ಮತ್ತ ಹೋದೆ. ಮೂರು ಸಲ. ಇವು ಪ್ರಬಂಧದಾಗ ಬರೂದಿಲ್ಲ. ಇಲ್ಲಿ ಬರೀತೀನಿ ಅಂತ ಅವನನ್ನೂ ಅವರವ್ವನನ್ನೂ ಕೇಳೀನಿ. "ಬರಿ" ಅಂದಾನ, ಊರ ಹೆಸರು ಬ್ಯಾಡ ಅಂದಾನ.

ಮೊದಲನೇ ಸಲ ಸುಮ್ನ ಕೂತೆ, ಹಗ್ಗ ಹೊಸೂದು ಹೇಳಿಕೊಟ್ಟ. ನನಗ ಬರಲಿಲ್ಲ, ಭಾಳ ನಕ್ಕ. ಎರಡನೇ ಸಲ ಚಿತ್ರ ಒಯ್ದಿದ್ದೆ: ಸಾಲಿ, ಮನಿ, ಬಸ್ಸು, ಮಾಸ್ತರ್, ಗೆಳ್ಯಾರು. ಸಾಲಿ ಚಿತ್ರ ನೋಡಿ ಪಕ್ಕಕ್ಕಿಟ್ಟ. "ಇದಲ್ಲ" ಅಂದ. ನಾ ಇಂಟರ್ನೆಟ್ಟಿನಿಂದ ತಗದಿದ್ದೆ, ಕೆಂಪು ಹೆಂಚು, ಮ್ಯಾಲ ಗಡಿಯಾರ. ಅವರೂರ ಸಾಲಿಗೆ ಗಡಿಯಾರ ಎಲ್ಲಿಂದ ಬರಬೇಕು? ಮೂರನೇ ಸಲ ಅವರೂರ ಸಾಲಿದು ಫೋನಿನಾಗ ಫೋಟೋ ತಗದು ತೋರಿಸಿದೆ. ಫೋನ್ ಇಸ್ಕೊಂಡು, ಬೆರಳಿನಿಂದ ದೊಡ್ಡದು ಮಾಡಿ, ಒಂದು ಕಿಟಕಿ ತೋರಿಸಿದ. "ಇಲ್ಲಿ ನಾ."

ಇಳಕಲ್ಲಿನವರು ಹೇಳಿದಂಗ ಕಡೀ ದಿನ ಕೇಳಿದೆ. ಏಳನೇತ್ತಾ. ಅವತ್ತು ಚಿತ್ರಾನ್ನ ಮಾಡಿದ್ರಂತ. ದೊಡ್ಡ ಗುರುಗಳು ತಲಿ ಮ್ಯಾಲ ಕೈ ಇಟ್ಟು "ನಾಳಿಂದ ನೀ ಬರೂದು ಬ್ಯಾಡ, ಅಕ್ಕೋರ ನಿಮ್ಮ ಮನಿಗೆ ಬರ್ತಾರ" ಅಂದ್ರಂತ. ಗೃಹಾಧಾರಿತ ಶಿಕ್ಷಣ. ಸಾಲಿಗೆ ಬರಾಕ ಆಗದ ಮಕ್ಕಳಿಗೆ ಇರೂ ವ್ಯವಸ್ಥಾ ಅದು, ಇಂವ ನಡಕೊಂಡು ಹೋಗಿ ಬರ್ತಿದ್ದ. ಅಕ್ಕೋರು ಬಂದ್ರು. ವಾರಕ್ಕೊಮ್ಮೆ, ಆಮ್ಯಾಲ ತಿಂಗಳಿಗೊಮ್ಮೆ. ಆಮ್ಯಾಲ ಇಲ್ಲ. ಅಕಿಗೂ ಎಷ್ಟು ಊರು ಇದ್ವೋ.

ರಜಿಸ್ಟರಿನಾಗ ಅಂವ ಮುಂದಿನ ವರ್ಷನೂ ವಿದ್ಯಾರ್ಥಿನ. ಅವರವ್ವನ ಲೆಕ್ಕದಾಗ "ತಿಳೀಲಿಲ್ಲ, ಬಿಟ್ಟ". ಅವನ್ನ ಕೇಳಿದ್ರ:

"ನಾ ಬಿಟ್ಟಿಲ್ಲ. ಅಕ್ಕೋರು ಬಿಟ್ರು."

ನಾ ಮೊದಲನೇ ದಿನ ಆ ಮನಿಯಿಂದ ಎದ್ದಾಗ ನನ್ನ ಫಾರ್ಮಿನಾಗ 42 ಪ್ರಶ್ನೆಗೆ 41 ಉತ್ತರ ತುಂಬಿದ್ವು.

ನವನಗರದ ಅವ್ವ · ಶನಿವಾರ, ಮಧ್ಯಾಹ್ನ 3:30

ಇದು ಅವ್ವ ಅಲ್ಲ. ಮಗಳು. ಅವ್ವನ ಫೋನು. ಒಂದೇ ಬೆರಳು, ತಡ ಆಗತೈತಿ.

ಅವ್ವ ಇದೆಲ್ಲ ನನಗ ಓದಿ ತೋರಿಸಿದಳು. ಅವ್ವ ಬರದದ್ದು ಸುಳ್ಳಲ್ಲ. ಪಿಯುಸಿ ಬ್ಯಾಡ ಅಂತ ನಾನ ಅಂದೆ.

ಕಾಲೇಜು ನೋಡಾಕ ಹೋದಾಗ ಆರ್ಟ್ಸ್ ಕ್ಲಾಸು ಎರಡನೇ ಮಾಳಿಗಿ. ಅಪ್ಪ ನನ್ನ ಎತ್ಕೊಂಡು ಹತ್ತಿದ. ನಡುವ ನಿಂತ. ನನ್ನ ಕಿವಿ ಅವನ ಎದಿ ಹತ್ರ ಇತ್ತು, ಉಸಿರು ಕೇಳಿಸ್ತು. ಮನಿಗೆ ಬಂದು ಬ್ಯಾಡ ಅಂದೆ. ಯಾಕ ಅಂತ ಅವ್ವ ಕೇಳಿದಳು. ಓದು ಸಾಕಾತು ಅಂದೆ. ನಾಕು ವರ್ಷದಿಂದ ಅವ್ವ ಹಂಗ ತಿಳಕೊಂಡಾಳ. ನಿನ್ನೆ ರಾತ್ರಿ ಹೇಳಿದೆ.

ನನಗ ಇತಿಹಾಸ ಇಷ್ಟ. ನಿಮ್ಮ ಜಿಲ್ಲಾ ಅಲ್ಲ ನಮ್ಮದು, ಆದ್ರೂ ಪ್ರಶ್ನೆ ತಿದ್ದಾಕ ಮೂರನೇದವರು ಬೇಕಾದ್ರ ಹೇಳ್ರಿ. ಫೋನ್‌ನಾಗ ಮಾಡ್ತೀನಿ. ನಾ ಅತ್ರ ಅಳ್ತೀನಿ, ಅದರ ಚಿಂತಿ ಅವ್ವಗ ಬ್ಯಾಡ.

ಕುಂದಾ ಪ್ರಿಯ · ಶನಿವಾರ, ಸಂಜೆ 5:00

ನಾ ಮ್ಯಾಲ ಬರದದ್ದನ್ನ ಅಳಿಸಬೇಕಂತ ಮಾಡಿದ್ದೆ. ಇರ್ಲಿ ಬಿಡ್ರಿ, ಹಂಗ ಅನ್ನೋವ್ರೂ ಇದ್ದಾರ ಅಂತ ಗೊತ್ತಾಗ್ಲಿ.

ತಾಳಿಕೋಟಿ ಓದುಗಿ · ಶನಿವಾರ, ರಾತ್ರಿ 8:15

ತಂಗಿ, ಬೇಕು. ನಾಳೆ ಫೋನ್ ಮಾಡ್ತೀನಿ, ಯಾವ ಹೊತ್ತಿಗೆ ಅಂತ ನೀನ ಹೇಳು. ಪ್ರಶ್ನೆ 7ರಿಂದ ಶುರು ಮಾಡೂಣು, ಅದು "ಓದು ನಿಲ್ಲಿಸಲು ಕಾರಣ" ಅಂತ ಇನ್ನೂ ಹಂಗ ಐತಿ.

ಉಳಿದವರಿಗೆ: ಪ್ರಶ್ನೆ ತಿದ್ದೂ ಮೊದಲನೇ ಸಭಾ ನಾಳೆ ಅಲ್ಲ, ಮುಂದಿನ ಐತವಾರ ಇಂಡಿಯಾಗ, ಬೆಳಿಗ್ಗೆ 11ಕ್ಕ. ನೆಲದ ಮಟ್ಟದ ಕೋಣಿ, ಮೆಟ್ಟಲು ಇಲ್ಲ, ಹೋಗಿ ನೋಡಿ ಬಂದೀನಿ. ಕೈಮಾತು ಅಕ್ಕಾರ, ದುಭಾಷಿ ಸಿಕ್ಕಾರ, ಬರೂ ಹೋಗೂ ಖರ್ಚು ನಂದು. ಬರ್ತೀರೇನು?

ಕೈಮಾತು · ಶನಿವಾರ, ರಾತ್ರಿ 8:40

ಬರುತ್ತೇನೆ. ಅಣ್ಣ ಬರುವುದಿಲ್ಲ.

ಭೀಮಾತೀರದ ವಿ.ಆರ್.ಡಬ್ಲ್ಯು. · ಶನಿವಾರ, ರಾತ್ರಿ 9:20

ಅಕ್ಕಾರ, ಐತವಾರ ಅಮಾಸಿ ಅದ. ಅರ್ಧ ಮಂದಿ ದೇವರಿಗೆ ಹೋಗಿರ್ತಾರ, ಬಸ್ಸಿನಾಗ ಕಾಲಿಡಾಕ ಜಾಗ ಇರಂಗಿಲ್ಲ, ಗಾಲಿ ಗಾಡಿಯವರು ಹತ್ತೋದು ಹೆಂಗ? ಸೋಮವಾರ ಇಡ್ರಿ. ನೆಲದ ಮಟ್ಟದ ಕೋಣಿ ಖರೇ, ಬಾಗಿಲ ಅಗಲ ಅಳದೀರೇನು? ಇಲ್ಲಂದ್ರ ನಾಳೆ ನಾ ಟೇಪ್ ತಗೊಂಡು ಹೋಗ್ತೀನಿ.